ಹೆಬ್ಬೆರಳಿನ ಸರದಿ

“ಈ ಕೆಲಸ ನಿಮಗೆ ಯಾಕೆ ಬೇಕು?” ಎಂದು ಕಚೇರಿಯ ಮೇಡಂ ಎರಡನೇ ಸಲ ಕೇಳಿದ್ದೂ ಹುಡುಗಿಯ ಕಿವಿಗೆ ಬೀಳಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಕೃತಕ ಕೈಯಲ್ಲೇ ನೆಟ್ಟಿತ್ತು. ಅಕ್ಕ ವಾರವಿಡೀ ಬಾಯಿಪಾಠ ಮಾಡಿಸಿದ್ದ ಉತ್ತರಗಳೆಲ್ಲ ಎತ್ತಲೋ ಹಾರಿಹೋಗಿದ್ದವು. “ಸರ್, ಇದನ್ನ ಮುಟ್ಟಬಹುದಾ?” ಎಂದಳು.

ಮೇಡಂ ಪಕ್ಕದಲ್ಲಿ ಕೂತಿದ್ದ, ಅದನ್ನು ತಯಾರಿಸಿದ ಹಿರಿಯ ಮೇಸ್ತ್ರಿ ಹೂಂ ಎಂದು ತಲೆಯಾಡಿಸಿದರು. ಅವಳು ಮಣಿಕಟ್ಟಿನ ತಂತಿಯನ್ನು ಮೆಲ್ಲನೆ ಎಳೆದಳು. ನಾಲ್ಕು ಬೆರಳು ಮಡಚಿಕೊಂಡವು. ಒಂದು ಗಳಿಗೆ ಬಿಟ್ಟು ಹೆಬ್ಬೆರಳು ಬಂದು ಅವುಗಳ ಮೇಲೆ ಕೂತಿತು. ಮತ್ತೆ ಎಳೆದರೂ ಹಾಗೇ. “ಹೆಬ್ಬೆರಳು ಯಾಕೆ ಸರ್ ತಡವಾಗಿ ಬರತ್ತೆ? ಕೆಟ್ಟಿದೆಯಾ?”

“ನಿನ್ನ ಚೀಲ ಎತ್ತಮ್ಮ, ನಿಧಾನವಾಗಿ.”

ಕಾಲ ಬಳಿಯಿದ್ದ ಚೀಲದ ಹಿಡಿಗೆ ಅವಳು ಕೈಹಾಕಿದಳು. ನಾಲ್ಕು ಬೆರಳು ಸುತ್ತಿಕೊಂಡವು. ಆಮೇಲೆ, ಮನೆಯವರೆಲ್ಲ ಒಳಗೆ ಬಂದ ಮೇಲೆ ಚಿಲಕ ಹಾಕುವ ಅಜ್ಜಿಯ ಹಾಗೆ, ಹೆಬ್ಬೆರಳು ಬಂದು ಬಿಗಿಯಿತು. ಇಪ್ಪತ್ತೆರಡು ವರ್ಷ ಇದೇ ಕೈಯಲ್ಲಿ ಉಂಡಿದ್ದಳು, ಬರೆದಿದ್ದಳು, ಜಡೆ ಹೆಣೆದುಕೊಂಡಿದ್ದಳು. ಒಂದು ದಿನವೂ ಇದನ್ನು ಕಂಡಿರಲಿಲ್ಲ. ಚೀಲ ಇಳಿಸಿ ಇನ್ನೊಮ್ಮೆ ಎತ್ತಿ ನೋಡಿದಳು. “ಇದು ಗೊತ್ತಾಗೋಕೆ ನಿಮಗೆಷ್ಟು ದಿನ ಬೇಕಾಯ್ತು ಸರ್?”

“ಆರು ವರ್ಷ,” ಎಂದರು ಮೇಸ್ತ್ರಿ. “ಕೆಲಸಕ್ಕೆ ಅಂತ ಬಂದವರಲ್ಲಿ ಇದನ್ನ ಕೇಳಿದವಳು ನೀನೇ ಮೊದಲು.”

ತಾನು ಸಂದರ್ಶನಕ್ಕೆ ಬಂದಿದ್ದೇನೆಂಬುದು ಅವಳಿಗೆ ಆಗ ನೆನಪಾಯಿತು. “ಕ್ಷಮಿಸಿ ಮೇಡಂ, ಮೈಮರೆತುಬಿಟ್ಟೆ,” ಎಂದಳು. ಮೇಡಂ ತಮ್ಮ ಕೈಚೀಲವನ್ನು ಮೆಲ್ಲನೆ ಎತ್ತಿ ಇಳಿಸುತ್ತಿದ್ದರು. ಹೆಬ್ಬೆರಳಿನಿಂದ ಕಣ್ಣು ತೆಗೆಯದೆಯೇ ಕೇಳಿದರು: “ಸೋಮವಾರದಿಂದ ಬರೋಕಾಗತ್ತಾ?”