ಮೂವತ್ತಾರು ತಟ್ಟೆಗಳ ಊರು

ತಮ್ಮನ ಚೀಲ ಬಾಗಿಲ ಚೌಕಟ್ಟಿಗೆ ತಗುಲಿತು. ಒಳಗಿಂದ ಕಟಕಟ ಎಂಬ ಸದ್ದು ಬಂತು. ಪ್ಲಾಸ್ಟಿಕ್ ಇಟ್ಟಿಗೆಗಳ ಆ ಸದ್ದನ್ನು ಅಣ್ಣ ನಿದ್ದೆಗಣ್ಣಲ್ಲೂ ಗುರುತು ಹಿಡಿಯಬಲ್ಲ.

"ಏನೋ ಅದು ಚೀಲದಲ್ಲಿ?"

"ನಿನ್ನ ಊರನ್ನೇ ಹೊತ್ಕೊಂಡು ಹೋಗ್ತಿದೀನಿ ಕಣಣ್ಣ," ಎಂದು ತಮ್ಮ ಹಲ್ಲು ಕಿರಿದ. ಅತ್ತಿಗೆಗೆ ಕೈಬೀಸಿ ಮೆಟ್ಟಿಲಿಳಿದು ಹೋದ.

ಅಣ್ಣ ನಗಲಿಲ್ಲ. ಒಳಕೋಣೆಗೆ ಹೋಗಿ ಮೇಜಿನ ಮೇಲಿನ ಊರನ್ನು ಕೇರಿ ಕೇರಿಯಾಗಿ ತಡಕಿದ. ಒಂದು ಚಿಮಣಿಯೂ ಕಾಣೆಯಾಗಿರಲಿಲ್ಲ.

ಒಂಬತ್ತು ವರ್ಷದ ಊರು ಅದು. ಅಂಗೈಯಗಲದ ಮೂವತ್ತಾರು ತಟ್ಟೆಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ ವ್ಯಾಪಾರದ ಪಟ್ಟಣ. ಎರಡು ಇಟ್ಟಿಗೆಗೆ ಒಂದು ಮನೆ, ಐದಕ್ಕೆ ಒಂದು ಹಡಗು. ಅಲ್ಲಿ ಮನುಷ್ಯರನ್ನು ಇಡಬೇಕೆಂದರೆ ಎಳ್ಳುಕಾಳೂ ದೊಡ್ಡದಾದೀತು. ಬಂದರಿನಲ್ಲಿ ಗಾಳಿಯನ್ನು ಮೂಟೆ ಕಟ್ಟಿ ಮಾರುವ ಮಳಿಗೆ, ಅದರ ಹಿಂದೆ ನೆರಳನ್ನು ಮೊಳದ ಲೆಕ್ಕದಲ್ಲಿ ಅಳೆದು ಕೊಡುವ ಅಂಗಡಿ, ನಡುವೆ ಗಂಟೆಗೋಪುರ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಮಂಚದ ಕೆಳಗೆ ಬೆಂಕಿಪೊಟ್ಟಣಗಳಲ್ಲಿ ಕಟ್ಟಿದ್ದ ಊರೇ ಇದು. ಮುಗಿಯುವ ತನಕ ಹೊರಗಿನವರ ಕಣ್ಣಿಗೆ ಬೀಳಿಸಬಾರದೆಂದು ಆಗಲೇ ಆಣೆ ಇಟ್ಟುಕೊಂಡಿದ್ದರು. ಊರು ಮಾತ್ರ ಮುಗಿಯಲೇ ಇಲ್ಲ. ಪ್ರತಿವರ್ಷ ಮಾದರಿಗಳ ಪ್ರದರ್ಶನ ಹತ್ತಿರವಾದಾಗ ಅಲ್ಲಿಗೆ ಒಯ್ಯೋಣವೇ ಎಂದು ತಮ್ಮ ಕೇಳುತ್ತಿದ್ದ. ಅಣ್ಣ "ಇನ್ನೊಂದು ಕೇರಿ ಬಾಕಿ" ಎನ್ನುತ್ತಿದ್ದ.

ಅಣ್ಣನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಕಂಡವರ ಬಾಯಿಗೆಲ್ಲ ಹಲ್ಲು ಕೂರಿಸುವವನ ಸ್ವಂತ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಬಿಗಿದುಕೊಂಡ ಇಟ್ಟಿಗೆಗಳನ್ನು ಕಚ್ಚಿ ಬಿಡಿಸುವುದು ಅವನ ಅಭ್ಯಾಸ. ಅದಕ್ಕೆಂದೇ ತಮ್ಮ ತಂದುಕೊಟ್ಟಿದ್ದ ಪುಟ್ಟ ಮೀಟುಗೋಲು ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. "ಊಟಕ್ಕಾದ್ರೂ ನಾಲ್ಕು ಹಲ್ಲು ಉಳಿಸ್ಕೊಳ್ಳಿ," ಎಂದು ಹೆಂಡತಿ ಗೊಣಗುತ್ತಿದ್ದಳು.

ಈಚೆಗೆ ಊರಿಗೆ ಒಳ್ಳೆಯ ಕಾಲ ಬಂದಂತಿತ್ತು. ವರ್ಷಗಟ್ಟಲೆ ತೂಗಾಡುತ್ತಿದ್ದ ಗಂಟೆಗೋಪುರ ಕಂಬದ ಹಾಗೆ ನಿಂತಿತ್ತು. ಅಂತೂ ತನ್ನ ಕೈ ಪಳಗಿತು ಎಂದು ಅಣ್ಣ ಬೀಗಿದ. ಹಳದಿಗಟ್ಟಿದ್ದ ಗೋಡೆಗಳೂ ಬೆಳ್ಳಗಾಗಿದ್ದವು.

"ನಾನೇ ಸೋಪುನೀರಲ್ಲಿ ಒರೆಸಿದೆ," ಎಂದಳು ಹೆಂಡತಿ, ತಲೆಯೆತ್ತದೆ.

ಚೀಲದ ಗುಟ್ಟು ಮರುದಿನ ಇಟ್ಟಿಗೆ ಮಾರುವ ಅಂಗಡಿಯಲ್ಲಿ ರಟ್ಟಾಯಿತು.

"ನಿಮ್ಮ ತಮ್ಮನೂ ಇದೇ ಬಣ್ಣ ಒಯ್ತಾರೆ ಸಾರ್. ಎಂಟು ತಿಂಗಳಿಂದ. ಫೋಟೋ ನೋಡ್ಕೊಂಡು ಒಂದೊಂದೇ ಆರಿಸ್ತಾರೆ," ಎಂದ ಅಂಗಡಿಯವನು. "ಈ ಸಲದ ಪ್ರದರ್ಶನಕ್ಕಂತೆ."

ಅಣ್ಣನಿಗೆ ಎಲ್ಲ ನಿಚ್ಚಳವಾಯಿತು. ಭಾನುವಾರ ತಪ್ಪದೆ ಊಟಕ್ಕೆ ಬರುವುದು, ಊಟವಾಗಿ ತಾನು ಒಂದು ಗಳಿಗೆ ಅಡ್ಡಾದಾಗ ಒಳಕೋಣೆ ಸೇರುವುದು, ಫೋಟೋ ಹೊಡೆಯುವುದು. ನಕಲು! ಉಂಡ ಮನೆಗೇ ಎರಡು ಬಗೆದಿದ್ದ. ಹೊರಗಿನವನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಒಡಹುಟ್ಟಿದವನನ್ನು ಏನೆಂದು ಕೇಳುವುದು? ಮಂಚದ ಕೆಳಗಿನ ಆಣೆ ನೆನಪಾಗಿ ಅವನಿಗೆ ಅಳುವೇ ಬಂತು.

ಮುಂದಿನ ಭಾನುವಾರ ಪ್ರದರ್ಶನ.

"ನಿಮ್ಮ ತಮ್ಮ ಇವತ್ತು ಊಟಕ್ಕೆ ಬರಲ್ವಂತೆ ರೀ, ಏನೋ ಕೆಲಸವಂತೆ," ಎಂದಳು ಹೆಂಡತಿ. ಗೊತ್ತಿದೆ ಯಾವ ಕೆಲಸ ಎಂದುಕೊಂಡು ಅಣ್ಣ ಚಪ್ಪಲಿ ಮೆಟ್ಟಿದ.

ತೀರ್ಪುಗಾರರು ನೋಡಿ ಮುಗಿಸುವ ತನಕ ಕಟ್ಟಿದವರ ಹೆಸರಿನ ಚೀಟಿ ಬೋರಲಾಗಿರಬೇಕು, ಅದು ಅಲ್ಲಿನ ಪದ್ಧತಿ. ಏಳನೆಯ ಮೇಜಿನ ಮೇಲೆ, ಬೋರಲಾದ ಚೀಟಿಯ ಪಕ್ಕದಲ್ಲಿ, ಅವನ ಊರು ಕೂತಿತ್ತು. ಗಾಳಿಯ ಮಳಿಗೆ, ನೆರಳಿನ ಅಂಗಡಿ, ಮೂವತ್ತಾರು ತಟ್ಟೆಗಳೂ. ತೀರ್ಪುಗಾರ್ತಿಯೊಬ್ಬಳು ಮೊಣಕಾಲೂರಿ ಬಂದರನ್ನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ತನಗೆ ಸಲ್ಲಬೇಕಾದದ್ದು ಎನಿಸಿ ಅವನ ಹೊಟ್ಟೆ ಉರಿಯಿತು.

ಅವಳು ಎದ್ದು ಹೋದಮೇಲೆ ಹತ್ತಿರ ಬಗ್ಗಿ ನೋಡಿದ. ಕಳ್ಳ, ಗೋಡೆಗಳಿಗೆ ಹಳೆಯ ಹಳದಿಯನ್ನೂ ಬಳಿದಿದ್ದ! ಕೆಲಸವೋ, ಬರೀ ಸಡಿಲ. ಬೆರಳು ತಾಗಿದ್ದೇ ತಡ, ಗೋಪುರ ತೂಗಾಡಿತು. ನೆಟ್ಟಗೆ ಕದಿಯುವುದಕ್ಕೂ ಬರುವುದಿಲ್ಲ ಇವನಿಗೆ, ಎಂದುಕೊಂಡ.

"ಅಣ್ಣಾ!" ತಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಮುಖ ಊರಗಲ ಅರಳಿತ್ತು. "ನೀನೇ ಬಂದ್ಬಿಟ್ಯಾ? ಸಂಜೆ ನಾನೇ ಕರ್ಕೊಂಡು ಬರೋಣ ಅಂತಿದ್ದೆ."

ನಾಚಿಕೆಯ ಲವಲೇಶವೂ ಇರಲಿಲ್ಲ ಆ ಮುಖದಲ್ಲಿ. ಅಣ್ಣನಿಗೆ ತಡೆಯಲಾಗಲಿಲ್ಲ.

"ನನ್ನೂರನ್ನ ನನ್ನ ಮನೆಯಿಂದಲೇ ಕದ್ದೆಯಲ್ಲೋ!"

ಮುಂಗೈಯನ್ನು ಮೇಜಿಗೆ ಊರಿ ಒಮ್ಮೆಗೇ ಎಳೆದುಬಿಟ್ಟ. ಹಡಗು, ಮಳಿಗೆ, ಗೋಪುರ ಎಲ್ಲವೂ ಕಲ್ಲುನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದವು. ಒಂದು ವಾರದಲ್ಲಿ ಮೊದಲ ಸಲ ಅವನ ಎದೆ ಹಗುರವಾಯಿತು.

ತಮ್ಮ ನೆಲಕ್ಕೆ ಕುಸಿದು ಕೂತು, ಇಟ್ಟಿಗೆಗಳನ್ನು ಒಂದೊಂದಾಗಿ ಆರಿಸಿ ಅಂಗಿಯ ತುದಿಯಲ್ಲಿ ತುಂಬತೊಡಗಿದ. "ನೀನಾಗಿ ಯಾವತ್ತೂ ತರ್ತಿರ್ಲಿಲ್ಲ ಅಣ್ಣ," ಎಂದ. "ಅದಕ್ಕೇ, ಭಾನುವಾರಕ್ಕೊಂದು ತಟ್ಟೆ..."

ಹೆಸರಿನ ಚೀಟಿಯೂ ಬಿದ್ದು ಮಗುಚಿಕೊಂಡಿತ್ತು. ಅದರಲ್ಲಿ ಒಂದೇ ಒಂದು ಹೆಸರಿತ್ತು, ಅಣ್ಣನದು.

ಅವನು ಕಾಲಬುಡದ ಇಟ್ಟಿಗೆಯೊಂದನ್ನು ಎತ್ತಿ ಉಗುರಿನಿಂದ ಕೆರೆದ. ಹಳದಿ ಏಳಲಿಲ್ಲ. ಅಂಚಿನಲ್ಲಿ ಕಚ್ಚಿದ ಗುರುತಿತ್ತು. ಮೂಲೆ ಮುರಿದ ಹಲ್ಲಿನ ಗುರುತು.

ನಕಲು ಮನೆಯಲ್ಲಿತ್ತು, ಬೆಳ್ಳಗೆ, ಗಟ್ಟಿಯಾಗಿ.