ಪಿಶಾಚಿಗೆ ಸೋದರತ್ತೆ

"ಇವತ್ತೂ ಹೆಂಗಸರು ನಡುವ ಎದ್ದು ಹೋದ್ರ, ನಾಳೆ ನೀನೂ ಎದ್ದು ಹೋಗಪಾ," ಎಂದು ಉಸ್ಮಾನ್‌ಸಾಬ್ ಪಕೀರಪ್ಪನಿಗೆ ಸಾಫ್ ಹೇಳಿಬಿಟ್ಟಿದ್ದರು.

ನಿಜಾಮ ಸರಕಾರದ ಇಜಾಜತ್ತು ಪಡೆದು ಲಿಂಗಸುಗೂರಿನ ಬಯಲಲ್ಲಿ ಹಾಕಿದ ಬಯಾಸ್ಕೋಪಿನ ಡೇರೆ ಅವರದು. ಚಿತ್ರ ಮೂಕ. ಹೀಗಾಗಿ ಪಕೀರಪ್ಪ ತೆರೆಯ ಪಕ್ಕ ನಿಂತು ಎಲ್ಲರಿಗೂ ಬಾಯಾಗಬೇಕು. ದೊರೆಯ ಗತ್ತು, ದೊರೆಸಾನಿಯ ಬಿಕ್ಕು, ಕುದುರೆಯ ಕೆನೆತ, ಹಳೇ ಬಾಗಿಲ ಕಿರ್ರೆನ್ನುವ ಸದ್ದು, ಎಲ್ಲವೂ ಅವನ ಒಂದೇ ಗಂಟಲಲ್ಲಿ ಬಿಡಾರ ಹೂಡಿದ್ದವು. ತೊಂದರೆ ಕೊಟ್ಟಿದ್ದು ಪಿಶಾಚಿ. ಪರದೇಶದ ಕೋಟೆಯ ನೆಲಮಾಳಿಗೆಯಿಂದ ಅದು ಸರಪಳಿ ಹರಿದುಕೊಂಡು ಬಂದಾಗ ನಿನ್ನೆ ಅವನು ಎಂಥ ಗರ್ಜನೆ ಹಾಕಿದ್ದನೆಂದರೆ, ಹೆಂಗಸರ ಕಡೆ ಚಾಪೆಗಳಷ್ಟೇ ಉಳಿದಿದ್ದವು.

ಇವತ್ತೂ ಪಿಶಾಚಿ ಬಂತು. ಮೈತುಂಬ ಕೂದಲು, ಕಾಲಲ್ಲಿ ತುಂಡು ಸರಪಳಿ. ಪಕೀರಪ್ಪ ಗರ್ಜನೆಯನ್ನು ಅರ್ಧಕ್ಕೇ ನುಂಗಿಕೊಂಡ. ಆ ಸಂದಿನಲ್ಲಿ ಹೆಂಗಸರ ಕಡೆಯಿಂದ ಮಸ್ಕಿಯ ಮುದುಕಿ ಗಾಳೆಮ್ಮ ಕೇಳಿದಳು:

"ತಮ್ಮಾ, ಅದರ ಹೆಸರೇನು?"

ಅವನಿಗೆ ಹೇಳಿಕೊಟ್ಟ ಕಥೆಯಲ್ಲಿ ದೊರೆಯ ನಾಯಿಗೂ ಹೆಸರಿತ್ತು, ಪಿಶಾಚಿಗಿರಲಿಲ್ಲ. ಬಾಯಿಚಟಕ್ಕೆ ಪಕೀರಪ್ಪ ಪಿಶಾಚಿಯಾಗಿಯೇ, ಅತ್ತು ಬತ್ತಿದ ಕೂಸಿನ ದನಿಯಲ್ಲಿ ಉತ್ತರ ಕೊಟ್ಟ: "ನನಗ ಹೆಸರ ಇಟ್ಟಿಲ್ಲವ್ವಾ."

"ಹೆಸರಿಡದ ಕೂಸು ಒದರದ ಮತ್ತೇನ್ ಮಾಡೀತು? ಹೆಸರಿಡಾಕ ಸೋದರತ್ತಿ ಇಲ್ಲೇನು ನಿನಗ?"

"ಯಾರೂ ಇಲ್ಲವ್ವಾ. ದೊರಿ ಒಬ್ಬನ ಅದಾನ. ಅವ ಸರಪಳಿ ಹಾಕ್ಯಾನ."

"ಅವನ ಕೈಗೆ ಹುಳ ಬೀಳ್ಲಿ," ಎನ್ನುತ್ತ ಗಾಳೆಮ್ಮ ಮೊಣಕಾಲು ಹಿಡಿದು ಎದ್ದಳು. "ನಾ ಅದೀನಿ ತಗೋ."

ತೆರೆಯ ಮೇಲೆ ಪಿಶಾಚಿ ಆಗ ಮೂಲೆ ಹಿಡಿದು ಕುಕ್ಕರಗಾಲಲ್ಲಿ ಕೂತಿತ್ತು. ಗಾಳೆಮ್ಮ ಹತ್ತಿರ ಹೋಗಿ ತೆರೆಯ ಬಟ್ಟೆಗೆ ಬಾಯಿ ಹಚ್ಚಿ, ತೊಟ್ಟಿಲ ಕೂಸಿಗೆ ಮಾಡುವಂತೆ ಅದರ ಕಿವಿಯಲ್ಲಿ "ಕುರ್ರ್" ಅಂದು ಏನೋ ಹೆಸರು ಉಸುರಿದಳು. ಪಕ್ಕದ ಚಾಪೆಯಿಂದ ಹಿಂದೆಯೇ ಎದ್ದು ಬಂದ ಯಂಕಮ್ಮನೂ ಖಾಸಿಂಬೀಯೂ ಹೆಸರಿಡುವಾಗಿನ ರೂಢಿಯಂತೆ ಸೋದರತ್ತೆಯ ಬೆನ್ನಿಗೆ ಗುದ್ದಿದರು.

"ಮೆಲ್ಲಕ ಗುದ್ರೆ, ಖೂನಿ ಮಾಡ್ತೀರೇನು?" ಎಂದಳು ಗಾಳೆಮ್ಮ. ಡೇರೆಗೆ ಡೇರೆಯೇ ನಕ್ಕಿತು.

ಆಮೇಲೆ ಹೆಂಗಸರ ಕಡೆ ಒಂದು ಬಳೆಯೂ ಅಲುಗಲಿಲ್ಲ. ಪಕೀರಪ್ಪನ ಪಿಶಾಚಿ ನೀರು ಕೇಳಿತು, ಕತ್ತಲಿಗೆ ಅಂಜಿತು, ದೊರೆಸಾನಿಯನ್ನು "ಅಕ್ಕಾ" ಎಂದು ಕರೆಯಿತು. ಕೆಲಸ ಉಳಿಯಿತೆಂದು ಅವನ ಎದೆ ಹಗುರಾಯಿತು. ಕೊನೆಯ ರೀಲು ಬಾಕಿಯಿರುವುದು ನೆನಪಾಗಿದ್ದು, ಬಿಳೀ ಮಂದಿ ದೀವಟಿಗೆ ಹಿಡಿದು ಕೋಟೆ ಹತ್ತತೊಡಗಿದ ಮೇಲೆ.

"ಅವರ್ಯಾಕ ಬರಾಕತ್ತಾರ?" ಯಂಕಮ್ಮ ಕೇಳಿದಳು.

ಗಂಡಸರ ಕಡೆಯಿಂದ ಯಾರೋ ಅಂದರು, "ಸುಡಾಕ ಬಂದಾರ."

"ಹೆಸರಿಟ್ಟ ದಿನಾನ ಸುಡ್ತಾರಂತ? ನಡೀರೆ, ಇದನ್ನೇನು ನೋಡೂದು," ಎಂದು ಖಾಸಿಂಬೀ ಚಾಪೆ ಸುತ್ತಿದಳು. ಉಳಿದವರೂ ಏಳತೊಡಗಿದರು.

ಚಿತ್ರದ ಮಷೀನಿನ ಬಳಿ ನಿಂತಿದ್ದ ಉಸ್ಮಾನ್‌ಸಾಬರು ಅದನ್ನು ಕಂಡರು. ರೀಲು ನಿಲ್ಲಿಸಿದರೆ ದೀಪದ ಕಾವಿಗೆ ಅದು ಹೊತ್ತಿಕೊಳ್ಳುತ್ತದೆ. ಬೇರೇನೂ ತೋಚದೆ ಬೆಳಕಿಗೇ ಕೈ ಅಡ್ಡ ಹಿಡಿದರು. ಕೋಟೆ, ದೀವಟಿಗೆ, ಬಿಳೀ ಮಂದಿ ಎಲ್ಲ ಅಳಿಸಿಹೋಗಿ, ತೆರೆಯ ತುಂಬ ಐದು ಬೆರಳಿನ ನೆರಳು ನೆಟ್ಟಗೆ ನಿಂತಿತು.

"ಪಂಜಾ ಎದ್ದೈತಿ," ಎಂದಳು ಗಾಳೆಮ್ಮ, ಮೊಹರಮ್ಮಿನ ಹಸ್ತದ ದೇವರನ್ನೇ ಕಂಡವಳಂತೆ.

ಖಾಸಿಂಬೀ ಚಾಪೆ ಕೆಳಗಿಟ್ಟು ತಲೆಮೇಲೆ ಸೆರಗೆಳೆದುಕೊಂಡಳು. ಆ ಕಡೆ ಗಂಡಸರು ಒಬ್ಬೊಬ್ಬರಾಗಿ ಎದ್ದು ರುಮಾಲು ಸರಿಮಾಡಿಕೊಂಡು ಕೈ ಮುಗಿದರು. ಪಕೀರಪ್ಪನೂ ಮುಗಿದ. ಉಸ್ಮಾನ್‌ಸಾಬರ ತೋಳು ಸೋಲತೊಡಗಿತ್ತು. ಆದರೆ ಅಷ್ಟು ಮಂದಿಯ ಎದುರು ಅದನ್ನು ಇಳಿಸುವ ಹಾಗಿರಲಿಲ್ಲ.