ಕ್ಲಬ್ಬಿನ ಗಾಡಿ

"ಕಾಕಾ, ತೋಡಿದ ಕಬರಿನ ದಂಡಿ ಕುಸಿಯಾಕತ್ತದ್ರಿ," ಎಂದು ಅಜೀಮ ಏದುಸಿರು ಬಿಡುತ್ತ ಬಂದು ಹೇಳಿದಾಗಲೂ ಇಸ್ಮಾಯಿಲ ಆಳಂದದ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಮಾದನಹಿಪ್ಪರಗಾದ ಬಸ್ ಸ್ಟ್ಯಾಂಡಿನ ಕಟ್ಟೆಗೆ ನಿನ್ನೆ ಬೆಳಗಿನಿಂದ ಅಂಟಿಕೊಂಡು ಕೂತಿದ್ದ. ಶುಕ್ರವಾರ ಮುಂಬೈಯಲ್ಲಿ ತೀರಿಕೊಂಡ ಅವನ ಗೆಳೆಯ, ಅಜೀಮನ ಚಿಕ್ಕಪ್ಪ ಶರಫುದ್ದೀನನ ಹೆಣ ಈ ದಾರಿಯಲ್ಲೇ ಬರಬೇಕಿತ್ತು. ಈಗ ಭಾನುವಾರದ ಬಿಸಿಲೂ ನೆತ್ತಿಗೇರಿತ್ತು.

"ಎರೆಮಣ್ಣು ಅಲ್ಲೇನಲೇ, ಬಿಸಿಲಿಗೆ ಬಿರೀತದ. ಮ್ಯಾಲ ಒಂದು ಗೋಣಿತಟ್ಟು ಹೊಚ್ಚು. ಗಾಡಿ ಬಂದೇ ಬರ್ತದ."

"ಶುಕ್ರವಾರನೇ ಹೊಂಟಿದ್ದೆ ನಾ. ನಮ್ಮ ಚಾಚಾನ ತರಾಕ ಜೀಪು ಬಾಗಿಲಿಗಿ ಬಂದು ನಿಂತಿತ್ತು. ನೀವೇ ಹೊಳ್ಳಿ ಕಳಿಸಿದ್ರಿ."

"ಮತ್ತ? ಕ್ಲಬ್ಬಿನ ಮನುಷ್ಯಾನ ತರಾಕ ಮನಿಯವರು ಗಾಡಿ ತಗೊಂಡು ಹೋಗ್ತಾರೇನು? ಹೋದ್ರ ಅವಗ ಅಲ್ಲಿ ಯಾರೂ ದಿಕ್ಕಿದ್ದಿಲ್ಲ ಅಂದಂಗ ಆಗ್ತದ. ಸತ್ತ ಮ್ಯಾಲ ಅವನ ಮಾರಿಗಿ ಮಸಿ ಬಳೀತಿಯೇನು?"

ಹಾಗೆ ಹೇಳುವ ಹಕ್ಕು ಇಸ್ಮಾಯಿಲನಿಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ದುಡಿಯಲು ಹೋದವರು ಮುಂಬೈಯಲ್ಲಿ ಮೊದಲು ಕಟ್ಟಿದ್ದು ಫುಟ್‌ಬಾಲ್ ಕ್ಲಬ್ಬನ್ನಲ್ಲ, ಹೆಣವನ್ನು ಊರು ಮುಟ್ಟಿಸುವ ಮಂಡಳಿಯನ್ನು. ಬಂದರಿನಲ್ಲಿ ಮೂಟೆ ಹೊರುತ್ತ ಸತ್ತವನಿಗೆ ಅಲ್ಲಿ ಅಳುವವರಾದರೂ ಯಾರು? ಮಂಡಳಿಯ ಹುಡುಗರು ಅವನನ್ನು ಲಾರಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಕೂತು ಊರಿಗೆ ತಂದು, ಮಣ್ಣು ಕೊಟ್ಟೇ ತಿರುಗಿ ಹೋಗುತ್ತಿದ್ದರು. ಸಾವಿಲ್ಲದ ಭಾನುವಾರಗಳಲ್ಲಿ ಆ ಹುಡುಗರೇ ಬಂದರಿನ ಹಿಂದಿನ ಬಯಲಲ್ಲಿ ಚೆಂಡು ಒದೆಯುತ್ತಿದ್ದರು. ಅದೇ ಬೆಳೆದು ಆಳಂದ ಮಜದೂರ ಕ್ಲಬ್ ಆಯಿತು. ಗೋಲಿನಲ್ಲಿ ಇಸ್ಮಾಯಿಲ, ಎಡಗಡೆಯ ಓಟಕ್ಕೆ ಶರಫುದ್ದೀನ. ಕರಜಗಿಯ ಮಾಳಿಂಗಪ್ಪ ಕ್ರೇನಿಗೆ ಸಿಕ್ಕು ಸತ್ತಾಗ, ಮರುದಿನದ ಫೈನಲ್ ಬಿಟ್ಟುಕೊಟ್ಟು ಇಡೀ ತಂಡ ಅವನ ಜೊತೆ ಲಾರಿ ಹತ್ತಿತ್ತು. ಕಪ್ ಎದುರಾಳಿಗೆ ಹೋಯಿತು, ಆದರೆ ಭೀಮಾ ದಂಡೆಯಲ್ಲಿ ಇವತ್ತಿಗೂ ಆ ಕಥೆ ಹೇಳುತ್ತಾರೆ.

ಆಮೇಲೆ ಸಂಬಳದ ಆಟಗಾರರು ಬಂದರು. ದೊಡ್ಡ ಕಂಪನಿಯೊಂದು ಕ್ಲಬ್ಬನ್ನೇ ಕೊಂಡು, ಹೆಸರಿನೊಳಗಿನ ಆಳಂದ ಕಿತ್ತು ಅಲ್ಲಿ ಹುಲಿ ಕೂರಿಸಿತು. ಇಸ್ಮಾಯಿಲ ಊರಿಗೆ ಮರಳಿದ, ಶರಫುದ್ದೀನ ಮಾತ್ರ ಮೈದಾನದ ಹುಲ್ಲು ಕತ್ತರಿಸುತ್ತ ಅಲ್ಲೇ ಒಂದು ತಗಡಿನ ಖೋಲಿಯಲ್ಲಿ ಉಳಿದ. "ಹೆಸರು ಹೋದ್ರ ಹೋಗ್ಲಿ, ರಿವಾಜು ಹೋಗಿಲ್ಲ," ಎಂದು ಇಸ್ಮಾಯಿಲ ಕಂಡವರಿಗೆಲ್ಲ ಹೇಳುತ್ತಿದ್ದ. ಶುಕ್ರವಾರ ಅವನು ಫೋನು ಹಚ್ಚಿದಾಗ ಕ್ಲಬ್ಬಿನ ಆಫೀಸಿನ ಹುಡುಗಿ ಹಿಂದಿಯಲ್ಲಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ ಚಾಚಾ, ಅಂದಿದ್ದಳು. ಗಾಡಿ ಎಷ್ಟೊತ್ತಿಗೆ ಹೊರಡುತ್ತದೆ ಎಂದು ಇಸ್ಮಾಯಿಲ ಕೇಳಲಿಲ್ಲ. ಕೇಳಿದರೆ ಕ್ಲಬ್ಬನ್ನೇ ಅನುಮಾನಿಸಿದಂತೆ.

ಅಜೀಮನ ಫೋನು ಬಡಿದುಕೊಂಡಿತು. ಮುಂಬೈಯ ಮೈದಾನದ ಪಕ್ಕದ ಚಹಾದಂಗಡಿಯವನು. ಸಾವಿನ ಸುದ್ದಿ ಮುಟ್ಟಿಸಿದವನೂ ಅವನೇ. ಅಜೀಮ ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತ.

"ಎಲ್ಲಿತನಕ ಬಂದದಂತಲೇ?"

"ಗಾಡಿ ಹೊಂಟೇ ಇಲ್ಲರಿ. ಅಲ್ಲಿ ಮಂದಿ ನಿನ್ನಿ ಸಂಜಿಮಟ ಕಾದ್ರಂತ. ಕ್ಲಬ್ಬಿನವರು ಹಾರ ಹಾಕಿ ಹೋದವರು ತಿರುಗಿ ಬರಲೇ ಇಲ್ಲಂತ. ಹೆಣ ಇಡೋ ಹಂಗಿರಲಿಲ್ಲ. ಅಲ್ಲಿ ಮಸೀದಿಯವರೇ ಒಯ್ದು ದಫನ್ ಮಾಡ್ಯಾರ."

"ಕಬರಿಗೆ ಇಳಿಸಿದವರು ಯಾರು?"

"ಯಾರೋ. ನಮಾಜಿಗಿ ಬಂದವರು." ಅಜೀಮ ಫೋನನ್ನು ಅವನ ಮುಂದೆ ಹಿಡಿದ. "ನಿನ್ನಿ ಮುಂಜಾನಿ ಚಹಾದಂಗಡಿಯಂವ ಫೋನ್ ಮಾಡಿದಾಗ ನನ್ನ ಕೈಯಾಗಿಂದ ಕಸಗೊಂಡು ನೀವೇ ಹೇಳಿದ್ರಿ ಕಾಕಾ. ಯಾರೂ ಮುಟ್ಟಬ್ಯಾಡ್ರಿ, ಕ್ಲಬ್ ತರ್ತದ ಅಂತ."

ಇಸ್ಮಾಯಿಲ ಎದ್ದ. ಶರಫುದ್ದೀನನ ಮನೆಗೆ ಹೋಗುವ ಓಣಿ ಯಾವುದೆಂದು ಒಂದು ಗಳಿಗೆ ಅವನಿಗೆ ತಿಳಿಯಲಿಲ್ಲ. ಅಜೀಮನೇ ರಟ್ಟೆ ಹಿಡಿದು ನಡೆಸಿದ.

ಹಮೀದಾಬೇಗಂ ಹೊಸ್ತಿಲೊಳಗೆ ಗೋಡೆಗೆ ಒರಗಿ ಕೂತಿದ್ದಳು. ಗಂಡ ವರ್ಷಕ್ಕೊಮ್ಮೆ ರಮಜಾನಿಗೆ ಬರುವುದನ್ನು ಕಾಯುತ್ತಲೇ ಮುದುಕಿಯಾದವಳು. "ಬಂದ್ರೇನ್ರಿ ಭಾಯಿ? ಗಾಡಿ ಸಪ್ಪಳ ಕೇಳಲಿಲ್ಲ."

ಇಸ್ಮಾಯಿಲ ಹೊಸ್ತಿಲ ಹೊರಗೇ ನಿಂತ. ಅಜೀಮನೇ ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದ. ಅವಳು ಅಳಲಿಲ್ಲ. "ಮಾರಿ ನೋಡಬೇಕಾಗಿತ್ತು," ಎಂದಳು, ಅಷ್ಟೇ. ಅಷ್ಟರಲ್ಲಿ ಕ್ಲಬ್ಬಿನಿಂದ ಅಜೀಮನ ಫೋನಿಗೆ ಒಂದು ವಿಡಿಯೋ ಬಂದು ಬಿತ್ತು.

"ಏನದು? ತೋರಸು."

"ಬ್ಯಾಡ ಚಾಚಿ."

"ತೋರಸಲೇ."

ನಿನ್ನೆ ಸಂಜೆಯ ಆಟ. ಅಲ್ಲಿ ಮಣ್ಣು ಮುಚ್ಚುತ್ತಿದ್ದ ಹೊತ್ತೇ ಇರಬೇಕು. ಸ್ಟೇಡಿಯಂ ತುಂಬಿ ತುಳುಕುತ್ತಿತ್ತು. ತೋಳಿಗೆ ಕರಿಪಟ್ಟಿ ಕಟ್ಟಿದ ಆಟಗಾರರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಸಾಲಾಗಿ ತಲೆ ಬಾಗಿಸಿದ್ದರು. ಮನೆಯಷ್ಟು ದೊಡ್ಡ ಪರದೆಯ ಮೇಲೆ ಶರಫುದ್ದೀನ ಹಲ್ಲು ಕಾಣುವಂತೆ ನಗುತ್ತಿದ್ದ. ಇಸ್ಮಾಯಿಲನ ಎದೆ ಅವನ ಮಾತು ಕೇಳದೆ ಒಂದು ಸಲ ಉಬ್ಬಿತು. ಮರುಕ್ಷಣ ಆ ಎದೆಗೇ ಗುದ್ದಿಕೊಳ್ಳಬೇಕೆನಿಸಿತು.

"ಇವರೆಲ್ಲಾ ಯಾಕ ಸುಮ್ಮನ ನಿಂತಾರ?"

"ಚಾಚಾನ ಸಲುವಾಗಿ. ಅವರಿಗಿ ಮಾನ ಕೊಡಾಕ."

"ಎಷ್ಟು ಮಂದಿ ಇರಬಹುದು?"

"ಮೂವತ್ತು ಸಾವಿರ ಇದ್ದಾರ ಚಾಚಿ."

ಹಮೀದಾಬೇಗಂ ಸೆರಗಿನಿಂದ ಫೋನಿನ ಗಾಜು ಒರೆಸಿ ಅವನ ಕೈಗೆ ಕೊಟ್ಟಳು.

"ನಾಕು ಮಂದಿ ಸಾಕಾಗಿತ್ತಲ್ಲೋ ಅಜೀಮ."